ನೇಪಾಳದ ಶಾಲೆಗೆ ಸೇವೆಗೆ ಹೊರಡುವ ತಂಡಕ್ಕೆ: ಕೈತೊಳೆಯುವ ಕಟ್ಟೆಯ ಲೆಕ್ಕಾಚಾರ

ಬೇಸಿಗೆ ರಜೆ ಹತ್ತಿರವಾದಂತೆ ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ, ಬಡಾವಣೆಯ ಸಂಘಗಳಲ್ಲಿ ಒಂದು ಮಾತು ಏಳುತ್ತದೆ: ಒಂದು ತಂಡ ಮಾಡಿಕೊಂಡು ನೇಪಾಳಕ್ಕೆ ಹೋಗಿ ಅಲ್ಲಿನ ಬಡಮಕ್ಕಳಿಗೆ ನೆರವಾಗೋಣ ಅಂತ. ವೀಸಾ ಬೇಡ, ಖರ್ಚೂ ಕೈಗೆಟುಕುತ್ತದೆ, ಹಿಂದಿ ಬಂದರೆ ಹೇಗೋ ಮಾತು ನಡೆಯುತ್ತದೆ. ಹೋಗಿ, ಖಂಡಿತ ಹೋಗಿ. ಆದರೆ ಹತ್ತು ಹದಿನೈದು ದಿನದಲ್ಲಿ ಮುಗಿಯುವ, ನೀವು ವಾಪಸ್ ಬಂದ ಮೇಲೂ ನಿಲ್ಲುವ ಕೆಲಸವನ್ನೇ ಹಿಡಿಯಿರಿ. ಎಚ್.ಡಿ. ಕೋಟೆಯ ಹಾಡಿಗಳನ್ನೇ ನೋಡಿ. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅಲ್ಲಿ ಆಸ್ಪತ್ರೆ, ಶಾಲೆ ನಡೆಸಲು ಸಾಧ್ಯವಾದದ್ದು ದಶಕಗಟ್ಟಲೆ ಅಲ್ಲೇ ಬೇರೂರಿದ್ದರಿಂದ. ಎರಡು ವಾರಕ್ಕೆ ಹೋದವರು ಪಾಠ ಹೇಳಲು ಕೂತರೆ ಅಲ್ಲಿನ ಮೇಷ್ಟ್ರ ಪಾಠ ನಿಲ್ಲುತ್ತದೆ, ಅಷ್ಟೆ.

ಅನಾಥಾಶ್ರಮಕ್ಕಂತೂ ಹೋಗಲೇಬೇಡಿ. ನೇಪಾಳದಲ್ಲಿ ಮಕ್ಕಳ ಆಶ್ರಮಗಳು ಬಹುಪಾಲು ಬಡತನ ಹೆಚ್ಚಿರುವ ಜಿಲ್ಲೆಗಳಲ್ಲಿಲ್ಲ. ಕಾಠ್ಮಂಡು, ಲಲಿತಪುರ, ಪೋಖರಾ ಇರುವ ಕಾಸ್ಕಿ, ಚಿತವನ ಹೀಗೆ ಪ್ರವಾಸಿಗರು ಬರುವ ಕಡೆಯೇ ಗುಂಪುಗೂಡಿವೆ. ಹುಮ್ಲಾದಂಥ ದೂರದ ಜಿಲ್ಲೆಗಳಿಂದ, ಓದಿಸುತ್ತೇವೆಂದು ನಂಬಿಸಿ, ಅಪ್ಪ ಅಮ್ಮ ಇರುವ ಮಕ್ಕಳನ್ನೇ ಕರೆತಂದು ಕಾಗದದ ಮೇಲೆ ಅನಾಥರನ್ನಾಗಿಸಿದ ಪ್ರಕರಣಗಳು ಬೇಕಾದಷ್ಟು ದಾಖಲಾಗಿವೆ. ಇದನ್ನು ನಡೆಸುವುದೇ ಹೊರಗಿನಿಂದ ಬರುವ ಕನಿಕರದ ದುಡ್ಡು.

ಹಾಗಾದರೆ ಮಾಡಬಹುದಾದ್ದೇನು? ಸರ್ಕಾರಿ ಶಾಲೆಯಲ್ಲಿ ಸಾಲಾಗಿ ನಿಂತು ಕೈತೊಳೆಯುವ ಕಟ್ಟೆ. ಆರು ಜನರ ತಂಡಕ್ಕೆ ಹೇಳಿ ಮಾಡಿಸಿದ ಕೆಲಸ. ಊಟಕ್ಕೆ ಮುಂಚೆ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆದರೆ ಮಕ್ಕಳಿಗೆ ಭೇದಿ ಕಡಿಮೆಯಾಗುತ್ತದೆ. ಆದರೆ ನೂರಿಪ್ಪತ್ತು ಮಕ್ಕಳಿಗೆ ಒಂದೇ ನಲ್ಲಿ ಇದ್ದರೆ ಯಾರೂ ತೊಳೆಯುವುದಿಲ್ಲ, ಸರದಿ ಬರುವಷ್ಟರಲ್ಲಿ ಊಟದ ಬೆಲ್ ಆಗಿರುತ್ತದೆ.

ಕಟ್ಟೆಗೆ ಬೇಕಾದ್ದು ಒಂದು ಇಂಚಿನ ದಪ್ಪ ಪಿವಿಸಿ ಪೈಪು, 3 ಮೀಟರ್ ಉದ್ದ. 30 ಸೆಂ.ಮೀ.ಗೆ ಒಂದರಂತೆ 2 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಕೆಳಮುಖವಾಗಿ ಹತ್ತು ತೂತು. ಟ್ಯಾಂಕಿನ ಕಡೆಯ ತುದಿಗೆ ಬಾಲ್ ವಾಲ್ವ್, ಇನ್ನೊಂದು ತುದಿಗೆ ತಿರುಗಿಸಿ ಬಿಚ್ಚುವ ಎಂಡ್ ಕ್ಯಾಪ್. ಈ ಕ್ಯಾಪನ್ನು ಅಂಟು ಹಾಕಿ ಕೂರಿಸಬೇಡಿ, ವಾರಕ್ಕೊಮ್ಮೆ ಬಿಚ್ಚಿ ಮರಳು ಹೊರಗೆ ಬಿಡಬೇಕಾಗುತ್ತದೆ. ಟ್ಯಾಂಕಿನ ನೀರಿನ ಮಟ್ಟ ಪೈಪಿಗಿಂತ ಒಂದು ಮೀಟರ್ ಮೇಲಿದ್ದರೆ ಒಂದು ತೂತಿನಿಂದ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಬರುತ್ತದೆ. ಕೈ ನೆನೆಸುವಾಗ, ಆಮೇಲೆ ತೊಳೆಯುವಾಗ ಮಾತ್ರ ವಾಲ್ವ್ ತೆಗೆದು, ಸೋಪು ಉಜ್ಜುವ 20 ಸೆಕೆಂಡು ಮುಚ್ಚಿಟ್ಟರೆ ಒಂದು ಮಗುವಿಗೆ ಅರ್ಧ ಲೀಟರ್ ಸಾಕು. 120 ಮಕ್ಕಳು, ದಿನಕ್ಕೆರಡು ಸಲ ಅಂದರೆ 120 ಲೀಟರ್. 500 ಲೀಟರಿನ ಟ್ಯಾಂಕ್ ನಾಲ್ಕು ದಿನ ತಡೆಯುತ್ತದೆ. ನೀರು ಚೆನ್ನಾಗಿ ಬರಲಿ ಅಂತ ಯಾರಾದರೂ 4 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ತೂತು ಹಾಕಿದರೆ ನೀರು ನಾಲ್ಕು ಪಟ್ಟು ಹೋಗುತ್ತದೆ. ನಾಲ್ಕು ದಿನದ ಟ್ಯಾಂಕ್ ಒಂದೇ ದಿನಕ್ಕೆ ಖಾಲಿ, ಮಾರನೆಯ ದಿನದಿಂದ ಕಟ್ಟೆಯ ಕಡೆ ಯಾರೂ ಸುಳಿಯುವುದಿಲ್ಲ.

ಪೈಪು ನೆಲದಿಂದ ಚಿಕ್ಕ ತರಗತಿಯವರಿಗೆ 60 ಸೆಂ.ಮೀ., ದೊಡ್ಡವರಿಗೆ 75 ಸೆಂ.ಮೀ. ಎತ್ತರದಲ್ಲಿರಲಿ. ಬಿಸಿಲಿಗೆ ಪಿವಿಸಿ ಬಾಗುತ್ತದೆ, ಆದ್ದರಿಂದ 60 ಸೆಂ.ಮೀ.ಗೊಂದು ಕ್ಲ್ಯಾಂಪ್ ಹಾಕಿ ರಸಮಟ್ಟ ಇಟ್ಟು ನೋಡಿ. ನೇಪಾಳದ ಬೆಟ್ಟದೂರುಗಳಲ್ಲಿ ಎಲ್ಲೆಲ್ಲೂ ಸಿಗುವ ಕಪ್ಪು ಎಚ್‌ಡಿಪಿಇ ಪೈಪು ಟ್ಯಾಂಕಿಗೆ ನೀರು ತರಲು ಬಹಳ ಒಳ್ಳೆಯದು. ಸುರುಳಿಯಲ್ಲಿ ಬರುವುದರಿಂದ ನೆಟ್ಟಗೆ ನಿಲ್ಲುವುದಿಲ್ಲ, ತೂತಿನ ಪೈಪಿಗೆ ಅದು ಬೇಡ. ಕೆಳಗಿನ ಚರಂಡಿಗೆ 3 ಮೀಟರಿಗೆ 6 ಸೆಂ.ಮೀ. ಇಳಿಜಾರು ಕೊಟ್ಟು ನೀರನ್ನು ತರಕಾರಿ ಮಡಿಗೋ ಬಾಳೆ ಬುಡಕ್ಕೋ ತಿರುಗಿಸಿ. ಕಾಲಡಿ ಕೆಸರಾದರೆ ಮಕ್ಕಳು ದೂರವೇ ನಿಲ್ಲುತ್ತವೆ.

ಬೆಟ್ಟದ ಒರತೆ ನೀರಿನಲ್ಲಿ ಮಳೆಗಾಲದ ಮರಳು ಬಂದೇ ಬರುತ್ತದೆ. ಟ್ಯಾಂಕಿನ ಒಳಬಾಯಿಗೆ ಜಾಲರಿ ಕಟ್ಟಿ. ಹೊರಬಾಯಿಯನ್ನು ತಳದಿಂದ ನಾಲ್ಕು ಬೆರಳು ಮೇಲೆ ಕೊರೆಯಿರಿ, ಕೆಸರು ಕೆಳಗೇ ಉಳಿಯಲಿ. ತೂತು ಕಟ್ಟಿದಾಗ ಚುಚ್ಚಲು ಒಂದು ಗೇಣು ಬೈಂಡಿಂಗ್ ವೈರನ್ನು ಪೈಪಿಗೇ ಕಟ್ಟಿ ನೇತುಹಾಕಿ. ಮೇಷ್ಟ್ರ ಬೀರುವಿನಲ್ಲಿಟ್ಟರೆ ಬೀಗದ ಕೈ ಹುಡುಕುವುದೇ ಒಂದು ಕೆಲಸವಾಗುತ್ತದೆ.

ತರಾಯಿ, ಅಂದರೆ ಗಡಿಗೆ ಹೊಂದಿದ ಬಯಲು ಪ್ರದೇಶಕ್ಕೆ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ನವಲಪರಾಸಿಯಂಥ ಜಿಲ್ಲೆಗಳ ಹಲವು ಕೈಪಂಪುಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ. ಆ ನೀರಿನಲ್ಲಿ ಕೈ ತೊಳೆಯಬಹುದು, ಕುಡಿಯಬಾರದು. ಕುದಿಸಿದರೂ ಕ್ಲೋರಿನ್ ಹಾಕಿದರೂ ಆರ್ಸೆನಿಕ್ ಹೋಗುವುದಿಲ್ಲ. ಕಟ್ಟೆ ಚೆಂದ ಕಂಡರೆ ಮಕ್ಕಳು ಅಲ್ಲೇ ಬೊಗಸೆಯೊಡ್ಡಿ ಕುಡಿಯುತ್ತವೆ, ಅದಕ್ಕೇ ಪರೀಕ್ಷೆ ಮಾಡಿಸದ ಪಂಪಿಗೆ ಪೈಪು ಜೋಡಿಸಲೇಬೇಡಿ.

ಸೋಪಿನದೇ ದೊಡ್ಡ ತಲೆನೋವು. ಬಿಲ್ಲೆ ಸೋಪನ್ನು ಕಾಗೆ ಎತ್ತಿಕೊಂಡು ಹೋಗುತ್ತದೆ, ಇಲಿ ಕಡಿಯುತ್ತದೆ, ಮಳೆಗೆ ಕರಗುತ್ತದೆ. ಅಗ್ಗದ ದಾರಿ ಎಂದರೆ ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ತುಂಬಿಡುವುದು. ಇದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಬಾಟಲಿಯ ಮೇಲೆ ಸೋಪಿನ ನೀರು ಎಂದು ನೇಪಾಳಿಯಲ್ಲಿ ಬರೆದು ಅಂಟಿಸಿ, ಪಾನಕವೆಂದು ಕುಡಿದುಬಿಡುವ ಪುಟ್ಟ ಮಕ್ಕಳಿರುತ್ತಾರೆ.

ಹೊರಡುವ ಮುಂಚೆ ಇಡೀ ಕಟ್ಟೆಯನ್ನು ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ಮಂಡ್ಯದಲ್ಲೋ ನಂಜನಗೂಡಿನಲ್ಲೋ, ಎರಡು ದಿನ ನಿಂತು ಒಮ್ಮೆ ಕಟ್ಟಿ. ಮುಖ್ಯೋಪಾಧ್ಯಾಯರ ಒಪ್ಪಿಗೆ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರ ಜೊತೆ ಮಾತು ಎಲ್ಲವೂ ಅಭ್ಯಾಸವಾಗುತ್ತದೆ. ನಮ್ಮೂರಿನ ಒಂದು ಶಾಲೆಗೂ ಕಟ್ಟೆ ಸಿಕ್ಕಂತಾಯಿತು. ಯಾರ ಕೈಗೆ ಡ್ರಿಲ್ ಕೊಡಬೇಕು, ಯಾರನ್ನು ಲೆಕ್ಕಕ್ಕೆ ಕೂರಿಸಬೇಕು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಸಾಮಾನನ್ನು ಮಾತ್ರ ಇಲ್ಲಿಂದ ಹೊರಬೇಡಿ. ಶಾಲೆಗೆ ಹತ್ತಿರದ ಪೇಟೆಯಲ್ಲೇ ಕೊಳ್ಳಿ. ನಾಳೆ ವಾಲ್ವ್ ಕೆಟ್ಟರೆ ಅದೇ ಅಳತೆಯದು ಅಲ್ಲೇ ಸಿಗಬೇಕು. ಅಲ್ಲಿನ ಪ್ಲಂಬರ್ ಒಬ್ಬರಿಗೆ ಕೂಲಿ ಕೊಟ್ಟು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ.

ಕಾಗದ ಪತ್ರ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ನಡೆಯುವುದಿಲ್ಲ. 2015ರ ಸಂವಿಧಾನದ ನಂತರ ಅಲ್ಲಿ ಶಾಲೆಗಳ ಆಡಳಿತ ಸ್ಥಳೀಯ ಪಾಲಿಕೆಯ ಕೈಯಲ್ಲಿದೆ, ಹೆಡ್‌ಮಾಸ್ಟರ್ ಬಾಯಿಮಾತಲ್ಲಿ ಬನ್ನಿ ಅಂದರೆ ಸಾಲದು, ಪಾಲಿಕೆಯ ಒಪ್ಪಿಗೆ ಪತ್ರ ತರಿಸಿಕೊಳ್ಳಿ. ತಂಡದ ಪ್ರತಿಯೊಬ್ಬರಿಗೂ ಪೊಲೀಸ್ ವೆರಿಫಿಕೇಷನ್ ಮಾಡಿಸಿ, ಹಳೆಯ ಪರಿಚಯ ಅಂತ ಯಾರನ್ನೂ ಬಿಡಬೇಡಿ. ಮಗುವಿನ ಜೊತೆ ತಂಡದ ಒಬ್ಬರೇ ಇರಬಾರದು. ಮುಖ ಕಾಣುವಂತೆ ಫೋಟೋ ತೆಗೆದು ಸ್ಟೇಟಸ್ ಹಾಕಬಾರದು. ಟ್ರಸ್ಟಿನ ದುಡ್ಡಿನಲ್ಲಿ ಹೋಗುವುದಾದರೆ ಆಡಿಟರನ್ನು ಮೊದಲೇ ಕೇಳಿ, ಭಾರತದ ಹೊರಗೆ ಮಾಡಿದ ಖರ್ಚಿಗೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನಮ್ಮ 100 ರೂಪಾಯಿಗೆ ಅವರ 160.

ದಿನ ಗೊತ್ತುಮಾಡುವಾಗ ನಮ್ಮ ಕ್ಯಾಲೆಂಡರ್ ಬದಿಗಿಡಿ. ಅಲ್ಲಿ ವಾರದ ರಜೆ ಶನಿವಾರ. ಹೊಸ ಶಾಲಾ ವರ್ಷ ಏಪ್ರಿಲ್ ಮಧ್ಯದಲ್ಲಿ, ವೈಶಾಖಕ್ಕೆ ಶುರು, ಮೊದಲ ದಿನಗಳೆಲ್ಲ ದಾಖಲಾತಿಯ ಗಡಿಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಆಮೇಲೆ ದಸೈಂ, ತಿಹಾರ್, ಅಂದರೆ ಅವರ ದಸರಾ, ದೀಪಾವಳಿ ರಜೆ. ಹಾಗಾಗಿ ರಜೆಯಲ್ಲಿರುವ ನಮ್ಮ ವಿದ್ಯಾರ್ಥಿಗಳಿಗೆ ಮೇ ತಿಂಗಳೇ ಸರಿ. ಕಟ್ಟೆ ಹೇಗಿದೆ ಎಂದು ಫೋನ್ ಮಾಡಿ ಕೇಳಬೇಕಾದ್ದು ತಿಹಾರ್ ಮುಗಿದು ಶಾಲೆ ತೆರೆದ ವಾರ. ಮಳೆಗಾಲದ ಮರಳೂ ಉದ್ದನೆಯ ರಜೆಯೂ ಕಳೆದಿರುತ್ತವೆ. ಆಗ ಹೆಡ್‌ಮಾಸ್ಟರ್ ಜೊತೆಗೆ ಆ ಪ್ಲಂಬರ್‌ಗೂ ಒಂದು ಕರೆ ಮಾಡಿ, ಎಷ್ಟು ತೂತಿನಲ್ಲಿ ನೀರು ಬರುತ್ತಿದೆ ಎಂದು ಕೇಳಿ.