ಕ್ಯಾಪ್ ಸಮೇತ ಕೈಗೆ ಬಂದ ಹಲ್ಲು

ಶಿರಸಿಯಲ್ಲಿ ನಾನು ಹಲ್ಲಿನ ಕ್ಲಿನಿಕ್ ಶುರು ಮಾಡಿ ಎರಡನೇ ವರ್ಷ. ಹುಲೇಕಲ್ ಕಡೆಯ ಹಿರಿಯರೊಬ್ಬರು ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ಕೂತಿದ್ದರು. ಅಂಗಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಅವರದೇ ದವಡೆ ಹಲ್ಲು. ಅದರ ಮೇಲೆ ಎಂಟು ತಿಂಗಳ ಹಿಂದೆ ನಾನೇ ಕೂರಿಸಿದ್ದ ಕ್ಯಾಪ್. ಕ್ಯಾಪಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ತಂಗೀ, ನೀ ಹಾಕಿದ್ದು ಗಟ್ಟಿಯಾಗೇ ಇದೆ. ಹಲ್ಲೇ ಬಂದುಬಿಡ್ತು ನೋಡು" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ಹಲ್ಲನ್ನು ತಿರುಗಿಸಿ ನೋಡಿದೆ. ಬೇರಿನ ತುದಿಯ ಹತ್ತಿರದವರೆಗೂ ಕಂದು ಗಾರೆ, ಅಂದರೆ ಹಲ್ಲಿಗೆ ಕಟ್ಟಿ ಕಲ್ಲಾಗುವ ಕೊಳೆ, ಗಟ್ಟಿಯಾಗಿ ಅಂಟಿತ್ತು. ಅಲ್ಲಿ ಎಲುಬು ಇರಬೇಕಿತ್ತು. ಹಳೇ ಫೈಲ್ ತೆಗೆದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದೆ. ಬೇರಿನ ಎರಡೂ ಬದಿ ಎಲುಬು ಇಳಿದಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಅವತ್ತು ರೂಟ್ ಕೆನಾಲ್ ಮಾಡುವ ಗಡಿಬಿಡಿಯಲ್ಲಿ ನಾನು ಬೇರಿನ ತುದಿಯನ್ನಷ್ಟೇ ನೋಡಿದ್ದೆ. "ಚೂರು ಮುರಿದಿದೆ, ಸ್ವಲ್ಪ ಹಂದಾಡ್ತದೆ, ಒಂದು ಕ್ಯಾಪ್ ಹಾಕಿಬಿಡು, ಗಟ್ಟಿಯಾಗ್ತದೆ" ಅಂತ ಅವರು ಹೇಳಿದ್ದರು. ಮುರಿದಿದೆ ಅನ್ನೋದು ನನ್ನ ಕಿವಿಗೆ ಬಿತ್ತು, ಹಂದಾಡ್ತದೆ, ಅಂದರೆ ಅಲ್ಲಾಡ್ತದೆ, ಅನ್ನೋದು ಬೀಳಲಿಲ್ಲ.

ಕ್ಯಾಪ್ ಹಾಕಿದರೆ ಹಲ್ಲು ಗಟ್ಟಿಯಾಗುತ್ತದೆ ಎಂದು ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಮುರಿದ ಹಲ್ಲು, ರೂಟ್ ಕೆನಾಲ್ ಆದ ಹಲ್ಲು, ವರ್ಷಗಟ್ಟಲೆ ಕವಳ (ಎಲೆ-ಅಡಿಕೆ) ಹಾಕಿ ಸವೆದು ಚಪ್ಪಟೆಯಾದ ಹಲ್ಲು, ಇವು ಸೀಳಿ ಹೋಗದ ಹಾಗೆ ಕ್ಯಾಪ್ ಕಾಯುತ್ತದೆ. ಅದಕ್ಕಾಗಿ ಹಲ್ಲನ್ನು ಮೇಲಿನಿಂದ ಸುಮಾರು 1.5ರಿಂದ 2 ಮಿಲಿಮೀಟರ್ ಸವೆಸುತ್ತೇವೆ. ಆದರೆ ಹಲ್ಲನ್ನು ದವಡೆಯಲ್ಲಿ ಹಿಡಿದು ನಿಲ್ಲಿಸುವುದು ಬೇರಿನ ಸುತ್ತಲ ಎಲುಬು, ಮತ್ತೆ ಬೇರಿಗೂ ಎಲುಬಿಗೂ ನಡುವೆ ಇರುವ ಸಣ್ಣ ಸಣ್ಣ ನಾರು. ಒಸಡಿನ ಕೆಳಗೆ ಗಾರೆ ಕೂತರೆ ಆ ಎಲುಬು ನಿಧಾನಕ್ಕೆ ಕರಗುತ್ತದೆ. ಹೊಗೆಸೊಪ್ಪು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ. ನೋವೇ ಇರುವುದಿಲ್ಲ, ಅದೇ ಕಷ್ಟ. "ಅಡಿಕೆ ಮಾರಿದ ಮೇಲೆ ಬರ್ತೇನೆ" ಅಂತ ಹೋದವರು ವರ್ಷ ಬಿಟ್ಟು ಬಂದಾಗ ಉಳಿಸಲು ಏನೂ ಇರುವುದಿಲ್ಲ.

ಅವತ್ತಿನಿಂದ ಯಾವ ಹಲ್ಲಿಗೂ ಅಲ್ಲಾಡಿಸಿ ನೋಡದೆ ಕ್ಯಾಪಿನ ಮಾತು ಎತ್ತಿಲ್ಲ. ಎರಡು ಉಪಕರಣಗಳ ಹಿಡಿಯ ನಡುವೆ ಹಲ್ಲನ್ನು ಹಿಡಿದು ಆಚೆ ಈಚೆ ತಳ್ಳುತ್ತೇನೆ. ಒಂದು ಮಿಲಿಮೀಟರಿನ ಒಳಗೆ ಅಲ್ಲಾಡಿದರೆ ಧೈರ್ಯ ಹೇಳುತ್ತೇನೆ. ಒತ್ತಿದಾಗ ಕೆಳಕ್ಕೂ ಕುಸಿದರೆ ಸಾಮಾನ್ಯವಾಗಿ ತೆಗೆಯುವುದೇ ದಾರಿ. ಆಮೇಲೆ ಗೆರೆ ಹಾಕಿದ ತೆಳು ಕಡ್ಡಿಯಿಂದ ಒಸಡಿನ ಸಂದಿಯ ಆಳ ಅಳೆಯುತ್ತೇನೆ. 3 ಮಿಲಿಮೀಟರ್ ತನಕ ಚಿಂತೆ ಇಲ್ಲ. 6 ಬಂತು ಅಂದರೆ ಕ್ಯಾಪ್ ಪಕ್ಕಕ್ಕಿಟ್ಟು ಮೊದಲು ಒಸಡಿನ ಕೆಲಸ. ರೋಗಿಯ ಕೈಗೆ ಕನ್ನಡಿ ಕೊಟ್ಟು ಅವರಿಗೂ ತೋರಿಸುತ್ತೇನೆ.

ಹಲ್ಲು ಅಲ್ಲಾಡಿದ ಕೂಡಲೇ ಹೆದರುವುದೂ ಬೇಡ. ಹೊಸದಾಗಿ ತುಂಬಿಸಿದ್ದು ಸ್ವಲ್ಪ ಎತ್ತರವಾಗಿ ಕಚ್ಚುವಾಗ ಒತ್ತುತ್ತಿದ್ದರೂ ಹಲ್ಲು ಸಡಿಲವಾಗಬಹುದು, ಅಲ್ವಾ? ಎತ್ತರ ಇಳಿಸಿದರೆ ಮುಗೀತು. ಬಿದ್ದು ಪೆಟ್ಟಾದ ಹಲ್ಲನ್ನು ಕೆಲವು ವಾರ ಪಕ್ಕದ ಹಲ್ಲಿಗೆ ಕಟ್ಟಿಡುತ್ತೇವೆ. ಗಟ್ಟಿಯಾಗಿದ್ದು ಸುಮ್ನೆ ತುದಿ ಮುರಿದಿದ್ದರೆ ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಸಾಕು, ಕ್ಯಾಪ್ ಬೇಡ. ಒಸಡಿನ ಮಟ್ಟಕ್ಕೇ ಮುರಿದಿದ್ದರೆ ಕ್ಯಾಪ್ ನಿಲ್ಲುವುದು ಕಷ್ಟ. ಒಸಡಿನ ಮೇಲೆ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿರಬೇಕು.

ಆ ಹಿರಿಯರಿಗೆ ಅಕ್ಕಪಕ್ಕದ ಹಲ್ಲೂ ಬಲ ಇರಲಿಲ್ಲ, ಹಾಗಾಗಿ ಅವುಗಳ ಆಧಾರದಲ್ಲಿ ನಡುವೆ ಹಲ್ಲು ಕೂರಿಸುವ ಬ್ರಿಡ್ಜ್ ಆಗುತ್ತಿರಲಿಲ್ಲ. ಇಂಪ್ಲಾಂಟ್ ಅಂದರೆ ಎಲುಬಿಗೆ ಟೈಟಾನಿಯಂ ಸ್ಕ್ರೂ. ಅದು ಕೂಡಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು, ಎಲುಬು ಬೇಕು, ಸಕ್ಕರೆ ಹತೋಟಿಯಲ್ಲಿರಬೇಕು. ಅವರಿಗೆ ಮೂರೂ ಕಷ್ಟ. ಕೊನೆಗೆ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟಿಸಿದ ಹಲ್ಲಿನ ಸೆಟ್ ಮಾಡಿಕೊಟ್ಟೆ. ಕ್ಯಾಪಿನ ದುಡ್ಡು ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಅದರ ಬದಲು ನಮ್ಮನೆಯವಳ ಹಲ್ಲು ನೋಡು" ಎಂದರು.

ಮರುವಾರ ಅವರ ಹೆಂಡತಿ ಬಂದರು. ಕೆಳಗಿನ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ಅಲ್ಲಿ ಎಂಜಲು ಜಾಸ್ತಿ ಬರುವುದರಿಂದ ಗಾರೆ ಬೇಗ ಕಟ್ಟುತ್ತದೆ. ಈ ಸಲ ಅವಸರ ಮಾಡಲಿಲ್ಲ. ಒಸಡಿನ ಕೆಳಗೆಲ್ಲ ಕ್ಲೀನ್ ಮಾಡಿ, ಒಂದೂವರೆ ತಿಂಗಳು ಕಾದೆ. ರಕ್ತ ಬರುವುದು ನಿಂತ ಮೇಲೆ ಹಿಂಬದಿಯಿಂದ ಆರು ಹಲ್ಲಿಗೂ ಸೇರಿಸಿ ತೆಳು ಫೈಬರ್ ಪಟ್ಟಿ ಅಂಟಿಸಿದೆ. ಅಮ್ಮ ಕವಳ ಬಿಡುವುದು ಕಷ್ಟ ಅಂದರು. ಹೊಗೆಸೊಪ್ಪು ಇಲ್ಲದಿದ್ದರೂ ಬಾಯಿಗೆ ಅಡಿಕೆ ಒಳ್ಳೆಯದಲ್ಲ ಎಂದು ಅಡಿಕೆ ಬೆಳೆಯುವವರಿಗೆ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಆದರೂ ಹೇಳಿದೆ. ಈಗ ಊಟ ಆದ ಮೇಲೆ ಒಂದು ಎಲೆ ಮಾತ್ರ ಹಾಕುತ್ತಾರಂತೆ, ಅಡಿಕೆ ಇಲ್ಲದೆ.

ನಾಲ್ಕು ವರ್ಷ ಆಯಿತು. ಆರು ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೆ ಬರುತ್ತಾರೆ. ಹೋದ ಸಲ ಅಮ್ಮ ಕುರ್ಚಿಯಿಂದ ಏಳುತ್ತಾ ಕೇಳಿದರು, "ಹಲಸಿನ ಹಪ್ಪಳ ಕಚ್ಚಬಹುದಾ?" ಮುರಿದುಕೊಂಡು ದವಡೆ ಹಲ್ಲಲ್ಲಿ ತಿನ್ನಿ ಅಂದೆ. ಯಜಮಾನರು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು.