ನೆರಳಿನ ಬಣ್ಣ ನೀಲಿ

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಒಂದು ದಿನ ಅವಳು ನನ್ನನ್ನು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಬಾಗಿಲಲ್ಲಿ ಇಳಿಸಿ ಕೆಲಸಕ್ಕೆ ಹೋದಳು. ಅಲ್ಲಿ ಟಿಕೆಟ್ ಇಲ್ಲ, ಎಷ್ಟು ಹೊತ್ತು ಬೇಕಾದರೂ ಇರಬಹುದು. ನಾಲ್ಕಾರು ಕೋಣೆ ಸುಮ್ನೆ ನೋಡುತ್ತಾ ಬಂದೆ. ಒಂದು ಚಿತ್ರದ ಮುಂದೆ ಮಾತ್ರ ನಿಂತುಬಿಟ್ಟೆ.

ಫ್ರೆಂಚ್ ಚಿತ್ರಕಾರ ಕ್ಲಾಡ್ ಮೋನೆ 1881ರಲ್ಲಿ ಬರೆದ ತೋಟ. ಫ್ರಾನ್ಸಿನ ವೆತೇಯ್ ಎಂಬ ಹಳ್ಳಿಯಲ್ಲಿ ಅವನಿದ್ದ ಮನೆಯದು. ಚಿತ್ರ ಹತ್ತಿರಹತ್ತಿರ ಐದಡಿ ಎತ್ತರ. ನಡುವೆ ಕಾಲುದಾರಿ, ಎರಡೂ ಕಡೆ ಆಳೆತ್ತರದ ಸೂರ್ಯಕಾಂತಿ, ಕೊನೆಯಲ್ಲಿ ಮೆಟ್ಟಿಲು, ಮೇಲೆ ಮನೆ. ದಾರಿಯಲ್ಲಿ ಆಟದ ಗಾಡಿ ಹಿಡಿದು ನಿಂತ ಪುಟ್ಟ ಹುಡುಗ.

ಹೂವು ನೋಡೋಣವೆಂದು ಹತ್ತಿರ ಹೋದೆ. ಹೂವೇ ಇಲ್ಲ! ಹಳದಿ ಬಣ್ಣದ ಮುದ್ದೆ, ಪಕ್ಕದಲ್ಲಿ ಹಸಿರಿನ ಗೀಟು, ಅಷ್ಟೇ. ಹುಡುಗನ ಮುಖವೂ ನಾಲ್ಕು ಸಲ ಕುಂಚ ತಾಗಿಸಿದಷ್ಟೇ. ಕಾವಲಿನವರು ನಗುತ್ತಾ ಹಿಂದೆ ಸರಿಯಿರಿ ಎಂದು ಕೈ ಮಾಡಿದರು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮತ್ತೆ ತೋಟ, ಮತ್ತೆ ಬಿಸಿಲು. ದಾರಿಯ ಮೇಲಿನ ನೆರಳು ಕಪ್ಪಲ್ಲ, ನೀಲಿ. ಅರವತ್ತು ವರ್ಷ ನೆರಳು ತುಳಿದುಕೊಂಡೇ ಓಡಾಡಿದ್ದೇನೆ, ಅದರ ಬಣ್ಣ ಯಾವುದೆಂದು ಒಮ್ಮೆಯೂ ನೋಡಿರಲಿಲ್ಲ.

ಆ ಹುಡುಗ ಮೋನೆಯ ಮಗ ಮಿಷೆಲ್. ಮೂರು ವರ್ಷ. ಅವನ ತಾಯಿ ಕಮೀಲ್ 1879ರಲ್ಲಿ ಅದೇ ಊರಲ್ಲಿ ತೀರಿಕೊಂಡಿದ್ದಳು. ಹಿಂದೆ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಕಾಣುತ್ತಾಳೆ, ಅವಳು ತಾಯಿಯಲ್ಲ. ಇದು ಗೊತ್ತಾದ ಮೇಲೆ ಅಷ್ಟು ಹೂವಿನ ನಡುವೆ ಆ ಮಗುವನ್ನು ನೋಡುವಾಗ ಗಂಟಲು ಕಟ್ಟಿತು.

ದಾರಿಯ ಪಕ್ಕ ನೀಲಿ-ಬಿಳಿ ಹೂಕುಂಡಗಳಿವೆ. ಮನೆ ಬಾಡಿಗೆಯದು, ಕುಂಡ ಮಾತ್ರ ಅವನ ಸ್ವಂತದ್ದು. ಮನೆ ಬದಲಿಸಿದಾಗಲೆಲ್ಲ ಅವನ್ನೂ ಜೊತೆಗೆ ಒಯ್ಯುತ್ತಿದ್ದನಂತೆ. ನಮ್ಮಮ್ಮನೂ ಹಾಗೇ ಅಲ್ವಾ! ಅಪ್ಪನಿಗೆ ವರ್ಗವಾದಾಗಲೆಲ್ಲ ಪಾತ್ರೆಪಗಡ, ಹಾಸಿಗೆ ಎಲ್ಲ ಲಾರಿ ಹಿಂದಕ್ಕೆ. ದುಂಡುಮಲ್ಲಿಗೆಯ ಕುಂಡ ಮಾತ್ರ ಮುಂದೆ, ಅಮ್ಮನ ಕಾಲ ಹತ್ತಿರ. ತರೀಕೆರೆ, ಸಾಗರ, ಹಾಸನ, ಕೊನೆಗೆ ಮೈಸೂರು. ದಾರಿಯುದ್ದಕ್ಕೂ ಒಂದು ಕೈ ಕುಂಡದ ಅಂಚಿನ ಮೇಲೇ ಇರುತ್ತಿತ್ತು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲೇ ಅದಕ್ಕೊಂದು ಬಿಸಿಲಿನ ಜಾಗ ಹುಡುಕುತ್ತಿದ್ದಳು. ಆ ಕುಂಡ ಈಗ ನಮ್ಮ ಮನೆಯಲ್ಲಿದೆ. ಅಂಚು ಒಡೆದಿದೆ, ಗಿಡ ಚೆನ್ನಾಗಿದೆ.

ಸಂಜೆ ಮಗಳು ಬಂದು ಕರೆಯುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ರಾತ್ರಿ ಊಟವಾದ ಮೇಲೆ ಮನೆಗೆ ಫೋನ್ ಮಾಡಿದೆ. ಮೈಸೂರಲ್ಲಿ ಆಗಷ್ಟೇ ಬೆಳಗಾಗಿತ್ತು.

"ರೀ, ಅಮ್ಮನ ಮಲ್ಲಿಗೆಗೆ ನೀರು ಹಾಕಿದ್ರಾ?"

"ಈಗ ತಾನೇ ಹಾಕ್ದೆ. ಮೂರು ಮೊಗ್ಗು ಬಿಟ್ಟಿದೆ" ಎಂದರು.