ಅಡಿಕೆ ಚೀಲ ಎಳೆಯೋ ಹಲಗೆ: ಹಗ್ಗದ ಉದ್ದ ಫಿಕ್ಸ್ ಆಯ್ತು

ಶಿರಸಿ ಮನೆ ಅಂಗಳದಲ್ಲಿ ಅಡಿಕೆ ಚೀಲ ಎಳೆಯೋಕೆ ಅಂತ ಮಾಡ್ತಿದ್ದ ಹಲಗೆ ರೆಡಿ ಆಗಿದೆ, ಚಕ್ರ ಇಲ್ಲ, ಮುಂದೆ ಒಂದು ಕೊಕ್ಕೆ ಅಷ್ಟೇ. ಈಗ ಹಗ್ಗ ಎಷ್ಟು ಓರೆ ಇರ್ಬೇಕು ಅನ್ನೋ ಲೆಕ್ಕ.

ಮೊದ್ಲು ನಾರ್ಮಲ್ ಫೋರ್ಸ್, ಅಂದ್ರೆ ನೆಲ ಹಲಗೆನ ಮೇಲಕ್ಕೆ ಒತ್ತೋ ಬಲ. ಇದು ಯಾವಾಗ್ಲೂ ತೂಕದಷ್ಟೇ ಇರಲ್ಲ, ಹಗ್ಗ ಓರೆಯಾಗಿ ಮೇಲಕ್ಕೆ ಎಳೆದ್ರೆ ತೂಕದಲ್ಲಿ ಒಂದು ಪಾಲು ಹಗ್ಗವೇ ಹೊರತ್ತೆ, ಎಳೆತ ಇಂಟು ಸೈನ್ ಕೋನದಷ್ಟು, ಉಳಿದಿದ್ದು ಮಾತ್ರ ನೆಲಕ್ಕೆ. ಚೆಕ್ ಮಾಡೋಕೆ ತೂಕದ ಮಷಿನ್ ಮೇಲೆ 20 ಕೆಜಿ ಇಟ್ಟು, ಹಗ್ಗಕ್ಕೆ ಕೊಕ್ಕೆ ತಕ್ಕಡಿ ಸಿಕ್ಕಿಸಿ 30 ಡಿಗ್ರಿಲಿ 5 ಕೆಜಿ ಬರೋವರೆಗೆ ಎಳೆದು ಹಿಡಿದೆ, ತಂಗಿ ಮಷಿನ್ ನೋಡಿ "ಹದಿನೇಳೂವರೆ" ಅಂದ್ಲು. ಸೈನ್ 30 ಅರ್ಧ, ಹಗ್ಗದ ಪಾಲು ಎರಡೂವರೆ ಕೆಜಿ, ಲೆಕ್ಕ ಕರೆಕ್ಟಾಗಿ ಕೂತಿದ್ದು ನೋಡಿ ಎಷ್ಟು ಖುಷಿ ಆಯ್ತು! (ಎಲ್ಲಾ ಕೆಜಿಯಲ್ಲೇ ಬರೀತಿದ್ದೀನಿ, ನ್ಯೂಟನ್ ಬೇಕಂದ್ರೆ 9.8ರಿಂದ ಗುಣಿಸ್ಕೊಳ್ಳಿ.)

ಹಾಗಂತ ಕೋನ ಏರಿಸ್ತಾ ಹೋದ್ರೆ ಸಲೀಸಾಗಲ್ಲ. ಸಿಮೆಂಟ್ ಅಂಗಳದಲ್ಲಿ ಅದೇ 20 ಕೆಜಿನ ಹಗ್ಗ ನೆಲಕ್ಕೆ ಸಮ ಇಟ್ಟು ಒಂದೇ ಸ್ಪೀಡಲ್ಲಿ ಎಳೆಯೋಕೆ 10 ಕೆಜಿ ಬೇಕಾಯ್ತು, ಅಂದ್ರೆ ಘರ್ಷಣಾ ಗುಣಾಂಕ (ಘರ್ಷಣೆ ನಾರ್ಮಲ್ ಫೋರ್ಸಿನ ಎಷ್ಟು ಪಾಲು ಅನ್ನೋ ಸಂಖ್ಯೆ) 0.5. ಅದೇ ಗುಣಾಂಕ ಹಿಡಿದ್ರೆ 30 ಡಿಗ್ರಿಗೆ 9 ಕೆಜಿ ಸಾಕು, 60ಕ್ಕೆ ಮತ್ತೆ 10.7. ಅಲ್ಲಿ ನಾರ್ಮಲ್ ಫೋರ್ಸ್ 10.7ಕ್ಕೆ ಇಳಿದು ಘರ್ಷಣೆ ಹತ್ತಿರಹತ್ತಿರ ಅರ್ಧ ಆಗಿರತ್ತೆ, ಆದ್ರೂ ಕಷ್ಟ, ಯಾಕಂದ್ರೆ ನಮ್ಮ ಎಳೆತದಲ್ಲಿ ಅರ್ಧ ಮಾತ್ರ ಮುಂದಕ್ಕೆ ಕೆಲಸ ಮಾಡತ್ತೆ. ಹಿಂದಿನಿಂದ 30 ಡಿಗ್ರಿ ಕೆಳಮುಖವಾಗಿ ತಳ್ಳಿದ್ರಂತೂ ನಾರ್ಮಲ್ ಫೋರ್ಸ್ 28 ಆಗತ್ತೆ, ತಳ್ಳೋಕೆ 16 ಕೆಜಿ ಮೇಲೆ ಬೇಕು. ಹಿಡಿಕೆ ಹಾಕಿ ತಳ್ಳೋ ಐಡಿಯಾ ಅಲ್ಲಿಗೇ ಕೈಬಿಟ್ಟೆ.

ಕೋನದ ಟ್ಯಾನ್ ಗುಣಾಂಕಕ್ಕೆ ಸಮ ಆದಾಗ ಎಳೆತ ಎಲ್ಲಕ್ಕಿಂತ ಕಡಿಮೆ, ನಮ್ಮ ಅಂಗಳಕ್ಕೆ ಸುಮಾರು 26.6 ಡಿಗ್ರಿ. ಇದರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಕೋನ ಅಳೆಯೋ ಕೆಲಸವೇ ಇಲ್ಲ ಅನ್ನೋದು, ಟ್ಯಾನ್ 0.5 ಅಂದ್ರೆ ಎತ್ತರದ ಎರಡರಷ್ಟು ಅಡ್ಡ. ಕೊಕ್ಕೆಗಿಂತ ನನ್ನ ಕೈ 75 ಸೆಂ.ಮೀ. ಮೇಲಿರತ್ತೆ, ಅಡ್ಡ 150, ಹಗ್ಗ 168 ಸೆಂ.ಮೀ. ಅಪ್ಪ ನನಗಿಂತ ಎತ್ತರ, ಅವ್ರಿಗೆ ಸ್ವಲ್ಪ ಉದ್ದ ಬೇಕು.

ಮುಂದೆ ಮಳೆಗಾಲ. ಅಂಗಳ ಪಾಚಿಗಟ್ಟಿ ಗುಣಾಂಕ 0.3ಕ್ಕೆ ಇಳಿದ್ರೆ ಹಗ್ಗ 261 ಸೆಂ.ಮೀ. ಆಗ್ಬೇಕು, ಅದಕ್ಕೇ ಕೊಕ್ಕೆ ಹತ್ರ ಒಂದು ಮೀಟರ್ ಹೆಚ್ಚು ಬಿಟ್ಟು ಸುತ್ತಿಟ್ಟಿದ್ದೀನಿ, ಜೂನಲ್ಲಿ ಒದ್ದೆ ನೆಲದ ಮೇಲೆ ಅಳೆದು ಹಾಕ್ತೀನಿ.